ಬೇನೆಯ ಹಾಜರಿ ಪುಸ್ತಕ

ನಮ್ಮ ಬಶೀರಾಬಾದ್ ಕಡೆ ‘ಪಿತ್ತ ಆಗ್ಯಾದ’ ಅಂದವರು ಪಿತ್ತಕೋಶದ ಮಾತೆತ್ತಿರುವುದಿಲ್ಲ. ಖಾಲಿ ಹೊಟ್ಟೆಗೆ ಎರಡು ಕಪ್ ಚಹಾ ಕುಡಿದು ಬಿಸಿಲಿಗೆ ಹೋಗಿ ತಲೆ ತಿರುಗಿದರೆ ಪಿತ್ತ, ಬೆಳಿಗ್ಗೆ ಹುಳಿನೀರು ಕಕ್ಕಿದರೆ ಪಿತ್ತ, ತಾಂಡೂರಿನ ಬಸ್ಸಿನಲ್ಲಿ ವಾಕರಿಕೆ ಬಂದರೂ ಪಿತ್ತವೇ. ನಿಜವಾಗಿ ಪಿತ್ತಕೋಶದ ಬೇನೆ ಬಂದ ದಿನ ಮಾತ್ರ ‘ಏನಿಲ್ಲ, ಗ್ಯಾಸ್’ ಅನ್ನುತ್ತೇವೆ. ನಾನೂ ಹಾಗೇ ಅಂದುಕೊಂಡು ಎರಡು ವರ್ಷ ಕಳೆದೆ. ಪಚನಾಂಗಗಳ ಚಾರ್ಟು ಗೋಡೆಗೆ ತೂಗುಹಾಕಿ, ಯಕೃತ್ತಿನ ಕೆಳಗೆ ಜೋತುಬಿದ್ದ ಹಸಿರು ಚೀಲಕ್ಕೆ ಕಡ್ಡಿ ಮುಟ್ಟಿಸಿ, ವರ್ಷ ವರ್ಷ ಮಕ್ಕಳಿಗೆ ಪಾಠ ಹೇಳಿದ ವಿಜ್ಞಾನದ ಮೇಷ್ಟ್ರು ನಾನು!

ಡಾಕ್ಟರು ನಿಮಗೂ ಈಚೆಗೆ ‘ಪಿತ್ತಕೋಶದ್ದೇ ಇರಬಹುದು, ನೋಡೋಣ’ ಅಂದಿದ್ದರೆ, ಆ ‘ಇರಬಹುದು’ ಮತ್ತು ‘ಹೌದು’ಗಳ ನಡುವಿನ ದಿನಗಳಿಗೆ ಬೇಕಾದಷ್ಟು ಪಾಠ ಇಲ್ಲಿದೆ. ಅವಸರವಿಲ್ಲ, ನಿಧಾನಕ್ಕೆ ಹೋಗೋಣ.

ಮೊದಲು ಆ ಹಸಿರು ಚೀಲ. ಯಕೃತ್ತು ದಿನಕ್ಕೆ ಹೆಚ್ಚುಕಡಿಮೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ತಯಾರಿಸುತ್ತದೆ. ಚೀಲದಲ್ಲಿ ಹಿಡಿಸುವುದು 30ರಿಂದ 50 ಮಿಲಿಲೀಟರ್, ಹೋಟೆಲಿನ ಅರ್ಧ ಕಪ್ ಚಹಾದಷ್ಟು. ಅಷ್ಟು ಸಣ್ಣ ಪಾತ್ರೆಯಲ್ಲಿ ರಸದ ನೀರನ್ನು ಹೀರಿ ಗಟ್ಟಿಮಾಡಿ ಇಟ್ಟುಕೊಳ್ಳುವುದು ಅದರ ಕೆಲಸ. ತುಪ್ಪ ಸುರಿದ ಹೋಳಿಗೆಯೋ ದಾವತ್ತಿನ ಬಿರಿಯಾನಿಯೋ ಹೊಟ್ಟೆ ದಾಟಿ ಸಣ್ಣ ಕರುಳಿನ ಬಾಯಿಗೆ ಬಂತೆಂದರೆ ಅಲ್ಲಿಂದ ಒಂದು ಹಾರ್ಮೋನು ಹೊರಟು ‘ಹಿಂಡು’ ಅನ್ನುತ್ತದೆ, ಚೀಲ ಹಿಂಡುತ್ತದೆ. ಒಳಗೆ ಹರಳು ಇದ್ದು, ಅದು ಹೋಗಿ ಚೀಲದ ಕುತ್ತಿಗೆಯಲ್ಲಿ ಸಿಕ್ಕಿಕೊಂಡರೆ, ಚೀಲ ಮುಚ್ಚಿದ ಬಾಗಿಲಿಗೆ ಹಿಂಡುತ್ತದೆ. ಅದೇ ಬೇನೆ. ಹರಳು ಜಾರಿ ಹಿಂದಕ್ಕೆ ಬಿದ್ದ ಕೂಡಲೇ ಬೇನೆಯೂ ಮಾಯ.

ಇಷ್ಟು ತಿಳಿದರೆ ಬೇನೆಯ ನಡತೆಯೂ ತಿಳಿಯುತ್ತದೆ. ಅದು ಬಲಪಕ್ಕೆಯ ಕೆಳಗೋ ಎದೆಗುಂಡಿಗೆಯ ಕೆಳಗಿನ ಕುಳಿಯಲ್ಲೋ ಶುರುವಾಗಿ, ಅರ್ಧ ಗಂಟೆಯೊಳಗೆ ಏರಿ, ಒಂದೇ ಸಮ ನಿಲ್ಲುತ್ತದೆ. ಬಲ ಹೆಗಲ ಮೂಳೆಯ ಕೆಳಕ್ಕೂ ಬೆನ್ನಿಗೂ ಹೋಗಬಹುದು. ಒಂದೋ ಎರಡೋ ಗಂಟೆ, ಹೆಚ್ಚೆಂದರೆ ಐದಾರು ಗಂಟೆ. ಮಗ್ಗುಲು ಬದಲಿಸಿದರೂ, ತೇಗಿದರೂ, ಶೌಚಕ್ಕೆ ಹೋಗಿ ಬಂದರೂ, ಸೋಡಾ ಕುಡಿದರೂ ಕೇಳುವುದಿಲ್ಲ. ರಾತ್ರಿ ಅದಕ್ಕೆ ಬಹಳ ಪ್ರಿಯ. ಬೆಳಿಗ್ಗೆ ಎದ್ದರೆ ಏನೂ ಆಗಿಯೇ ಇಲ್ಲವೆಂಬಂತೆ ರೊಟ್ಟಿ ತಿಂದು ಹೊಲಕ್ಕೆ ಹೋಗಬಹುದು. ನಮ್ಮನ್ನು ಮೋಸಮಾಡುವುದು ಈ ಬೆಳಗೇ. ‘ರಾತ್ರಿ ತೊಗರಿಬ್ಯಾಳಿ ಜಾಸ್ತಿ ಉಂಡ್ಯಾ, ಅದ್ಕ’ ಅಂದು ಮುಗಿಸುತ್ತೇವೆ. ತಾಂಡೂರಿನ ತೊಗರಿಗೆ 2022ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಮನೆಮನೆಯಲ್ಲಿ ಹೊಟ್ಟೆಬೇನೆಯ ಅಪವಾದ ಮಾತ್ರ ಇನ್ನೂ ಅದರ ತಲೆಯ ಮೇಲೇ ಇದೆ.

ಇಲ್ಲೇ ಒಂದು ತಪ್ಪು ತಿಳಿವಳಿಕೆ ಬಿಡಿಸಿಬಿಡುತ್ತೇನೆ. ಪಿತ್ತದ ಹರಳು ಬೇರೆ, ಕಿಡ್ನಿಯ ಹರಳು ಬೇರೆ. ಕಿಡ್ನಿಯದು ಮೂತ್ರದ ದಾರಿಯಲ್ಲಿ ಕೂತಿರುತ್ತದೆ, ನೀರು ಹೆಚ್ಚು ಕುಡಿದರೆ ಸಣ್ಣದು ಜಾರಿಹೋಗುವುದುಂಟು. ಪಿತ್ತಕೋಶಕ್ಕೆ ಆ ದಾರಿಯೇ ಇಲ್ಲ. ಕೊಡಗಟ್ಟಲೆ ನೀರು, ಬಾಳೆದಿಂಡಿನ ರಸ, ಯಾರೋ ಹೇಳಿದ ಬಿಯರು ಯಾವುದೂ ಅಲ್ಲಿಗೆ ತಲುಪುವುದಿಲ್ಲ. ಎಣ್ಣೆಯೊಡನೆ ನಿಂಬೆರಸ ಕುಡಿದು ‘ಹಸಿರು ಕಲ್ಲು ಬಿದ್ದವು’ ಎನ್ನುವವರೂ ಇದ್ದಾರೆ. ಅಂಥ ಹಸಿರು ಗುಂಡುಗಳನ್ನು ಪರೀಕ್ಷೆ ಮಾಡಿದ ವೈದ್ಯರ ವರದಿಯೊಂದು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನಿನ ಉಂಡೆಯಾಗಿ ಬಂದಿತ್ತು, ಕಲ್ಲಲ್ಲ.

ಈಗ ಹಾಜರಿ ಪುಸ್ತಕ. ಎರಡು ವರ್ಷ ಕಳೆದ ಮೇಲೆ ಒಂದು ದಿನ ತಾಂಡೂರಿನ ಡಾಕ್ಟರ ಮುಂದೆ ಕೂತೆ. ಅವರು ಬಲಪಕ್ಕೆಯ ಕೆಳಗೆ ಬೆರಳಿಟ್ಟು ‘ಗಟ್ಟಿಗಾ ಊಪಿರಿ ತೀಸುಕೋಂಡಿ’ ಅಂದರು. ಉಸಿರು ಎಳೆದೆ. ಪಿತ್ತಕೋಶ ಬಾತಿದ್ದರೆ ಆ ಉಸಿರು ಅರ್ಧಕ್ಕೇ ಕಟ್ಟುತ್ತದೆ. ಅಮೆರಿಕದ ಷಿಕಾಗೋದಲ್ಲಿದ್ದ ಜಾನ್ ಮರ್ಫಿ ಎಂಬ ಶಸ್ತ್ರವೈದ್ಯನ ಹೆಸರಿನಲ್ಲಿ ಈ ಪರೀಕ್ಷೆ ಇವತ್ತಿಗೂ ನಡೆಯುತ್ತದೆ. ನನಗೆ ಏನೂ ನೋಯಲಿಲ್ಲ, ಉಸಿರು ಸಲೀಸಾಗಿ ಒಳಗೆ ಹೋಯಿತು. ಡಾಕ್ಟರು ‘ಇವತ್ತು ಏನೂ ಇಲ್ಲವಲ್ಲ’ ಅಂದರು. ಅವರದು ತಪ್ಪಲ್ಲ, ನನ್ನದೂ ಸುಳ್ಳಲ್ಲ. ಬೇನೆ ಬಂದು ಹೋಗುವ ಈ ಕಾಯಿಲೆಯಲ್ಲಿ ಎರಡು ಬೇನೆಗಳ ನಡುವೆ ಹೊಟ್ಟೆ ಮುಟ್ಟಿದರೆ ಏನೂ ಸಿಗುವುದಿಲ್ಲ. ಅಂದರೆ ನಡೆದದ್ದಕ್ಕೆ ಸಾಕ್ಷಿ ನೀವೊಬ್ಬರೇ. ಸಾಕ್ಷಿ ‘ಆಗಾಗ ಬರ್ತದ್ರಿ, ಭಾಳ ಬರ್ತದ’ ಅಂದರೆ ಕೇಸು ನಿಲ್ಲುವುದಿಲ್ಲ.

ಮನೆಗೆ ಬಂದು ಹಳೆಯ ಹಾಜರಿ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ ಬರೆಯತೊಡಗಿದೆ. ಒಂದು ಹಾಳೆ ಹೀಗಿದೆ:

‘ರವಿವಾರ. ಮಧ್ಯಾಹ್ನ ಮದುವೆ ಊಟ, ಪೂರಿ, ಬಜ್ಜಿ, ಹೋಳಿಗೆ ತುಪ್ಪ. ರಾತ್ರಿ ಮಜ್ಜಿಗೆ ಮಾತ್ರ. 11.40ಕ್ಕೆ ಎಚ್ಚರ. ಕುಳಿಯಲ್ಲಿ ಹಿಂಡಿದಂತೆ. 12ಕ್ಕೆ ಬಲ ಬೆನ್ನಿಗೆ. ಕೂರಲೂ ಆಗದು, ಅಂಗಳದಲ್ಲಿ ಓಡಾಟ. ಒಮ್ಮೆ ವಾಂತಿ, ಆದರೂ ಇಳಿಯಲಿಲ್ಲ. ಜ್ವರ ಇಲ್ಲ. 3ಕ್ಕೆ ನಿಂತಿತು. ಬೆಳಿಗ್ಗೆ ಮೂತ್ರದ ಬಣ್ಣ ಮಾಮೂಲು.’

ಅದರ ಕೆಳಗೆ: ‘ಬುಧವಾರ. ಊಟಕ್ಕೆ ಮುಂಚೆ, ಸಂಜೆ 6. ಉರಿ, ಎದೆಯತ್ತ ಏರಿತು. ಹುಳಿ ತೇಗು. ಗ್ಯಾಸಿನ ಗುಳಿಗೆ ನುಂಗಿ 20 ನಿಮಿಷಕ್ಕೆ ಹೋಯಿತು.’

ಎರಡೂ ಹೊಟ್ಟೆಬೇನೆಯೇ. ಆದರೆ ಓದಿ ನೋಡಿ, ಎರಡೂ ಒಂದೇ ಹುಡುಗನಲ್ಲ.

ನಿಮ್ಮ ಪುಸ್ತಕದಲ್ಲಿ ತಾರೀಖು, ಹಿಂದಿನ ಊಟ, ಶುರುವಾದ ಮತ್ತು ಬಿಟ್ಟ ಗಂಟೆ, ಜಾಗ, ಜ್ವರ, ಮೂತ್ರದ ಬಣ್ಣ, ತೆಗೆದುಕೊಂಡ ಗುಳಿಗೆ ಇರಲಿ. ಆರ್‌ಎಂಪಿ ಎನ್ನುವ ಊರ ವೈದ್ಯನ ಹತ್ತಿರ ಸೂಜಿ ಹಾಕಿಸಿಕೊಂಡಿದ್ದರೆ ಮುಚ್ಚಿಡಬೇಡಿ, ಚೀಟಿಯೋ ಔಷಧದ ಖಾಲಿ ಶೀಶೆಯೋ ಅದರ ಜೊತೆಗೇ ಇಡಿ.

ಬರೆಯಿರಿ ಅನ್ನುವುದಕ್ಕೆ ನಮ್ಮ ಗಡಿಯದೇ ಒಂದು ಕಾರಣವೂ ಇದೆ. 1956ರ ನವೆಂಬರ್ 1ರವರೆಗೆ ತಾಂಡೂರು ಗುಲ್ಬರ್ಗಾ ಜಿಲ್ಲೆಯ ತಾಲೂಕು. ರಾಜ್ಯಗಳ ಗೆರೆ ಎಳೆದಾಗ ಅದೂ ಕೊಡಂಗಲ್ಲೂ ಆಂಧ್ರಕ್ಕೆ ಹೋದವು, ಈಗ ತೆಲಂಗಾಣ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ದವಾಖಾನೆಯಲ್ಲಿ ತೆಲುಗು. ಬೇನೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಸವೆಯುತ್ತದೆ. ನಮ್ಮ ‘ಉರಿ’ ಅಲ್ಲಿ ‘ಮಂಟ’, ಉರ್ದುವಿನಲ್ಲಿ ‘ಜಲನ್’; ಇವು ಆಮ್ಲದ ಕಡೆ ಬೊಟ್ಟು ಮಾಡುವ ಮಾತು. ‘ಹಿಂಡಿದಂಗ’ ಅನ್ನುವುದೇ ಬೇರೆ. ‘ಸಂಕಟ’ ಅಂದರಂತೂ ವಾಕರಿಕೆ, ನೋವು, ದುಃಖ ಎಲ್ಲವೂ ಆಯಿತು. ನಮ್ಮ ಓಣಿಯ ಅಜ್ಜಿಯೊಬ್ಬಳು ‘ಎದಿಗುಂಡಗಿ ಕೆಳಗ’ ಅಂದಳು. ತೆಲುಗಿನಲ್ಲಿ ಗುಂಡೆ ಅಂದರೆ ಹೃದಯ, ಅಷ್ಟೇ ಕೇಳಿಸಿಕೊಂಡ ನರ್ಸು ಓಡಿಹೋಗಿ ಇಸಿಜಿ ಮೆಷಿನ್ ತಂದಳು.

ಅದು ಒಳ್ಳೆಯ ತಪ್ಪು. ಎದೆಯ ಕುಳಿಯಲ್ಲಿ ಹೊಸದಾಗಿ ಬೇನೆ ಬಂದಾಗ, ಅದರಲ್ಲೂ ನಲವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಬೆವರು ಕಿತ್ತು ಉಸಿರು ಸಿಕ್ಕಂತಾದರೆ, ಮೊದಲು ನೋಡಬೇಕಾದ್ದು ಹೃದಯವನ್ನೇ. ಹುಣ್ಣು, ಮೇದೋಜೀರಕದ ಊತ, ಯಕೃತ್ತಿನ ಕೀವುಗಡ್ಡೆ, ಕಾಮಾಲೆ, ಬಲ ಕಿಡ್ನಿಯ ಹರಳು, ಬಲ ಪುಪ್ಪುಸದ ಕೆಳಭಾಗದ ನ್ಯುಮೋನಿಯಾ ಕೂಡ ಇದೇ ಜಾಗದಲ್ಲಿ ನೋಯಿಸಬಲ್ಲವು. ಡಾಕ್ಟರು ಪಿತ್ತಕೋಶ ಬಿಟ್ಟು ಇನ್ನೇನೋ ಕೇಳುತ್ತಿದ್ದಾರೆ ಎಂದು ಬೇಸರಿಸಬೇಡಿ. ಹಾಜರಿ ಕೂಗುವಾಗ ಎಲ್ಲರ ಹೆಸರೂ ಕೂಗಬೇಕಲ್ಲ.

ಆಮೇಲೆ ಸ್ಕ್ಯಾನ್. ಹೊಟ್ಟೆಯ ಅಲ್ಟ್ರಾಸೌಂಡಿಗೆ ಆರರಿಂದ ಎಂಟು ಗಂಟೆ ಉಪವಾಸ ಇರಬೇಕು. ಉಂಡರೆ ಚೀಲ ಹಿಂಡಿಕೊಂಡು ಮುದ್ದೆಯಾಗುತ್ತದೆ, ಒಳಗಿನದು ಕಾಣುವುದಿಲ್ಲ. ಹಾಲು ಹಾಕಿದ ಚಹಾ ಕೂಡ ಊಟವೇ, ‘ಚಾ ಅಷ್ಟೇ ಕುಡ್ದೀನ್ರಿ’ ನಡೆಯದು. ಬಿಪಿ ಗುಳಿಗೆಯನ್ನೂ ಸಕ್ಕರೆ ಗುಳಿಗೆಯನ್ನೂ ಅವತ್ತು ಏನು ಮಾಡಬೇಕೆಂದು ಮೊದಲೇ ಕೇಳಿಕೊಳ್ಳಿ. ಕೋಶದೊಳಗಿನ ಹರಳು ಹುಡುಕುವುದರಲ್ಲಿ ಈ ಯಂತ್ರ ಬಹಳ ಗಟ್ಟಿ, ತಪ್ಪುವುದು ಅಪರೂಪ.

ವರದಿ ಇಂಗ್ಲಿಷಿನಲ್ಲಿ ಬರುತ್ತದೆ, ಹೆದರಬೇಡಿ. ‘ಜಿಬಿ ವೆಲ್ ಡಿಸ್ಟೆಂಡೆಡ್’ ಅಂದರೆ ಚೀಲ ತುಂಬಿತ್ತು, ನೀವು ಉಪವಾಸ ಸರಿಯಾಗಿ ಮಾಡಿದ್ದೀರಿ ಎಂದಷ್ಟೆ. ಜನ ಇದನ್ನೇ ‘ಉಬ್ಬಿಬಿಟ್ಟಿದೆ’ ಎಂದು ಓದಿ ಗಾಬರಿಯಾಗುತ್ತಾರೆ. ‘ಕ್ಯಾಲ್ಕ್ಯುಲಸ್’ ಎಂದರೆ ಹರಳು. ಗಣಿತದ ಕ್ಯಾಲ್ಕ್ಯುಲಸ್ಸೂ ಅದೇ ಲ್ಯಾಟಿನ್ ಶಬ್ದ, ಹಿಂದೆ ಹರಳಿಟ್ಟು ಎಣಿಸುತ್ತಿದ್ದರಲ್ಲ. ‘ಅಕೌಸ್ಟಿಕ್ ಶ್ಯಾಡೋ’ ಎಂದರೆ ಹರಳಿನ ನೆರಳು. ಗಟ್ಟಿ ವಸ್ತು ಶಬ್ದದ ಅಲೆಯನ್ನು ತಡೆದು ಹಿಂದೆ ಕಪ್ಪು ಪಟ್ಟಿ ಬೀಳಿಸುತ್ತದೆ. ನಿಮ್ಮನ್ನು ಎಡಮಗ್ಗುಲಿಗೆ ಹೊರಳಿಸಿದರೆ ಹರಳು ಉರುಳುತ್ತದೆ. ಉರುಳದೆ ಗೋಡೆಗೆ ಅಂಟಿಕೊಂಡದ್ದು ಪಾಲಿಪ್ ಇರಬಹುದು. ಗೋಡೆಯ ದಪ್ಪ 3 ಮಿಲಿಮೀಟರಿನೊಳಗೆ ಇದ್ದರೆ ಸಾಮಾನ್ಯ, ದಪ್ಪವಾಗಿ ಸುತ್ತ ನೀರು ಕಂಡರೆ ಊತ. ‘ಸಿಬಿಡಿ’ ಎಂಬುದು ಪಿತ್ತದ ದೊಡ್ಡ ನಾಳ; ಅದು ಅಗಲವಾಗಿದ್ದರೆ ಹರಳು ಅಲ್ಲಿಗೆ ಜಾರಿರಬಹುದು. ಅಲ್ಲಿನ ಸಣ್ಣ ಹರಳನ್ನು ಈ ಯಂತ್ರ ಕಾಣದೆ ಹೋಗುವುದುಂಟು. ಅದಕ್ಕೇ ರಕ್ತದ ಎಲ್‌ಎಫ್‌ಟಿ, ಲೈಪೇಸ್ ಪರೀಕ್ಷೆ, ಬೇಕಾದರೆ ಎಂಆರ್‌ಸಿಪಿ ಎಂಬ ದೊಡ್ಡ ಸ್ಕ್ಯಾನು.

ಕಷ್ಟದ ಪಾಠ ಇನ್ನು ಮುಂದಿನದು. ಸ್ಕ್ಯಾನ್ ‘ಹರಳಿದೆ’ ಎಂದು ಹೇಳಬಲ್ಲದು, ‘ಬೇನೆ ಇದರದೇ’ ಎಂದು ಹೇಳಲಾರದು. ಹರಳಿರುವವರಲ್ಲಿ ಬಹುಪಾಲು ಜನಕ್ಕೆ ಆಯುಸ್ಸಿಡೀ ಅದರ ಸುಳಿವೇ ಹತ್ತುವುದಿಲ್ಲ, ಅಂಥ ಮೌನದ ಹರಳನ್ನು ಸಾಮಾನ್ಯವಾಗಿ ತೆಗೆಯುವುದೂ ಇಲ್ಲ. ಹುಣ್ಣಿನ ಬೇನೆಗೆ ಪಿತ್ತಕೋಶ ತೆಗೆಸಿಕೊಂಡರೆ ಹುಣ್ಣು ಇದ್ದಲ್ಲೇ ಇರುತ್ತದೆ. ಇದರ ತಿರುಗುಮುರುಗೂ ಉಂಟು: ಹಾಳೆಯ ತುಂಬ ರವಿವಾರದಂಥ ಬೇನೆ, ಸ್ಕ್ಯಾನ್ ಮಾತ್ರ ನಾರ್ಮಲ್. ‘ಏನೂ ಇಲ್ಲ’ ಎಂದು ಮನೆಯವರು ಅನ್ನುತ್ತಾರೆ, ಅದರಲ್ಲೂ ಹೆಂಗಸರಿಗೆ ‘ಟೆನ್ಷನ್ ಮಾಡ್ಕೋಬ್ಯಾಡ’ ಅನ್ನುತ್ತಾರೆ. ಪಿತ್ತದ ಹರಳು ಹೆಂಗಸರಲ್ಲೇ ಹೆಚ್ಚು, ಬಸಿರು ಅದಕ್ಕೆ ಒಂದು ಕಾರಣ. ಹಾಗಿದ್ದೂ ಅವರ ಬೇನೆಗೇ ನಂಬಿಕೆ ಕಡಿಮೆ. ನಾರ್ಮಲ್ ಬಂದರೆ ಕೆಲವು ವಾರದ ಮೇಲೆ ಸ್ಕ್ಯಾನ್ ಮತ್ತೆ ಮಾಡಬಹುದು, ಎಂಡೋಸ್ಕೋಪಿಯಲ್ಲಿ ಹುಣ್ಣು ನೋಡಬಹುದು, ದೊಡ್ಡ ಆಸ್ಪತ್ರೆಗಳಲ್ಲಿ ಚೀಲ ಎಷ್ಟು ಹಿಂಡುತ್ತದೆಂದು ಅಳೆಯುವ ಹೈಡಾ ಸ್ಕ್ಯಾನ್ ಇದೆ. ಅಲ್ಲಿಗೂ ಒಯ್ಯಬೇಕಾದ್ದು ಅದೇ ಪುಸ್ತಕ.

ಈ ಕಾಯುವ ದಿನಗಳಲ್ಲಿ ಊಟ? ಕರಿದದ್ದು, ದಾವತ್ತಿನ ಜಿಡ್ಡು ಬಿಡಿ, ಸ್ವಲ್ಪ ಸ್ವಲ್ಪ ಉಣ್ಣಿ. ಜೋಳದ ರೊಟ್ಟಿ, ಪಲ್ಯ, ಬೇಳೆ, ಮಜ್ಜಿಗೆ ಧಾರಾಳ. ಶೇಂಗಾಹಿಂಡಿಯಲ್ಲಿ ಎಣ್ಣೆ ಇದೆಯೆಂದು ಮರೆಯಬೇಡಿ. ನನಗೆ ಅದನ್ನು ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಹಾಗೆಂದು ಉಪವಾಸ ಕೂರಬೇಡಿ, ದಿನಗಟ್ಟಲೆ ಉಪವಾಸ ಮಾಡಿ ಗಬಕ್ಕನೆ ತೂಕ ಇಳಿಸಿದರೆ ಹರಳು ಹೆಚ್ಚುತ್ತದೆ.

ಪುಸ್ತಕ ಮುಚ್ಚಿಟ್ಟು ಓಡಬೇಕಾದ ಹೊತ್ತೂ ಇದೆ. ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಡು ಚಹಾದಂತಾಗಿ ಮಲ ಬಿಳಿಚಿದರೆ, ಬೇನೆ ಆರು ಗಂಟೆ ದಾಟಿದರೂ ಇಳಿಯದಿದ್ದರೆ, ವಾಂತಿ ನಿಲ್ಲದೆ ನೀರೂ ಹೊಟ್ಟೆಯಲ್ಲಿ ಉಳಿಯದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಫೋನು ಮಾಡಿ. ಮುದುಕರಿಗೂ ಸಕ್ಕರೆ ಕಾಯಿಲೆಯವರಿಗೂ ಒಳಗೆ ಕೀವಾಗಿದ್ದರೂ ಹೊರಗೆ ಜ್ವರ ಕಾಣದಿರಬಹುದು. ಅವರ ವಿಷಯದಲ್ಲಿ ಇನ್ನೂ ಬೇಗ.

ನಮ್ಮಲ್ಲಿ ಕೆಲವರು ರೈಲು ಹತ್ತಿ ಹೈದರಾಬಾದಿನ ಕಡೆ ಹೋಗುತ್ತಾರೆ, ಕೆಲವರು ಬೀಗರ ಮನೆಯಿದೆ, ಕನ್ನಡ ನಡೆಯುತ್ತದೆ ಎಂದು ಸೇಡಂ ದಾಟಿ ಕಲಬುರಗಿಗೆ. ಎರಡೂ ಸರಿಯೇ. ಚಿಕಿತ್ಸೆಯ ಖರ್ಚು ಭರಿಸುವ ಸರ್ಕಾರಿ ಕಾರ್ಡು ಮಾತ್ರ ರಾಜ್ಯದ ಗೆರೆ ನೋಡುತ್ತದೆ. 2007ರಲ್ಲಿ ಶುರುವಾದ ಆರೋಗ್ಯಶ್ರೀಯ ಮಿತಿಯನ್ನು ತೆಲಂಗಾಣ 2023ರ ಡಿಸೆಂಬರಿನಲ್ಲಿ 10 ಲಕ್ಷ ರೂಪಾಯಿಗೆ ಏರಿಸಿದೆ, ಆದರೆ ನೀವು ಹೋಗುವ ಆಸ್ಪತ್ರೆ ಅದಕ್ಕೆ ಸೇರಿದೆಯೇ ಎಂದು ಟಿಕೀಟು ತೆಗೆಯುವ ಮೊದಲೇ ವಿಚಾರಿಸಿ.

ನನ್ನ ಸ್ಕ್ಯಾನಿನಲ್ಲಿ ಹರಳುಗಳು ಕಂಡವು, ದೊಡ್ಡದು 9 ಮಿಲಿಮೀಟರ್. ಶಸ್ತ್ರವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು ಬದಿಗಿಟ್ಟು ಹಾಜರಿ ಪುಸ್ತಕ ತೆಗೆದುಕೊಂಡರು. 1882ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಲಾಂಗೆನ್‌ಬುಕ್ ಹೊಟ್ಟೆ ಕೊಯ್ದು ಮಾಡಿದ ಪಿತ್ತಕೋಶ ತೆಗೆಯುವ ಕೆಲಸವನ್ನು ಈಗ ನಾಲ್ಕು ತೂತಿನಲ್ಲಿ ಮಾಡುತ್ತಾರೆ, ಮುಂಬಯಿಯ ಉದ್ವಾಡಿಯಾ 1990ರಲ್ಲೇ ನಮ್ಮ ದೇಶಕ್ಕೆ ಅದನ್ನು ತಂದರು ಎಂದೆಲ್ಲ ಓದಿಕೊಂಡು ಹೋಗಿದ್ದೆ, ಅವರು ಅದೇನೂ ಕೇಳಲಿಲ್ಲ. ಪೆನ್ನು ತೆಗೆದು ಹನ್ನೊಂದು ನಮೂದುಗಳಲ್ಲಿ ಎಂಟಕ್ಕೆ ಟಿಕ್ ಹಾಕಿದರು, ಬುಧವಾರದ್ದೂ ಸೇರಿ ಮೂರಕ್ಕೆ ಸುತ್ತು ಹಾಕಿದರು.

‘ಮಾಸ್ಟರ್ ಜೀ, ಈ ಎಂಟು ಹೋಗ್ತಾವ. ಈ ಮೂರು ನಿಮ್ಮ ಚಾದ್ದು, ಅವು ಹೋಗಂಗಿಲ್ಲ.’