ಕಸಿ ಗಂಟಿನ ಕೆಳಗಿನ ಚಿಗುರು

ಪ್ರಶ್ನೆ: ಹಿತ್ತಿಲಲ್ಲಿ ಜೀರಿಗೆ ಅಪ್ಪೆ ಮಾವಿನ ಕಸಿ ಗಿಡ ನೆಟ್ಟಿದ್ದೇನೆ. ಗಂಟಿನ ಕೆಳಗಿನಿಂದ ಎರಡು ಚಿಗುರು ಹುಲುಸಾಗಿ ಎದ್ದಿವೆ. ನೆರೆಮನೆಯವರು ‘ತೆಗೆದುಹಾಕಿ’ ಎನ್ನುತ್ತಾರೆ. ಪಕ್ಕದ ಗೂಟಿ ಪೇರಳೆಯ ಬುಡದಲ್ಲಿ ಚಿಗುರು ಬಂದಾಗ ಅವರೇ ‘ಇರಲಿ ಬಿಡಿ’ ಎಂದಿದ್ದರು. ಈ ಭೇದ ಏಕೆ? ಬೇರುಸಸಿ, ಕಸಿಕಡ್ಡಿ, ಗೂಟಿ ಎಂದರೆ ಏನೇನು?

ಉತ್ತರ: ನೆರೆಯವರ ಎರಡು ಮಾತೂ ಸರಿ. ಅಪ್ಪೆಯ ಚಿಗುರನ್ನು ಇವತ್ತೇ ತೆಗೆಯಿರಿ, ಪೇರಳೆಯದನ್ನು ಧೈರ್ಯವಾಗಿ ಬಿಡಿ. ಪೇರಳೆ ಬುಡದಿಂದ ತುದಿಯವರೆಗೆ ಒಂದೇ ಗಿಡ. ಅಪ್ಪೆಯಲ್ಲಿ ಎರಡು ಗಿಡಗಳು ಕೂಡಿ ಬದುಕುತ್ತಿವೆ.

ನರ್ಸರಿಯವರು ಮೊದಲು ಕಾಟುಮಾವಿನ ಓಟೆ ಬಿತ್ತಿ ಸಸಿ ಎಬ್ಬಿಸುತ್ತಾರೆ. ಮಣ್ಣಿನಲ್ಲಿ ಬೇರಿಳಿಸುವ ಈ ಸಸಿಯೇ ಬೇರುಸಸಿ. ಆಮೇಲೆ ಹೆಸರು ಮಾಡಿದ ಅಪ್ಪೆ ಮರದಿಂದ ಪೆನ್ಸಿಲ್ ದಪ್ಪದ ತುದಿಗೊಂಬೆ ತರುತ್ತಾರೆ. ಅದು ಕಸಿಕಡ್ಡಿ, ಅದನ್ನು ಕೊಟ್ಟದ್ದು ತಾಯಿಮರ. ಕಡ್ಡಿ ಕೊಯ್ಯುವ ವಾರ ಹತ್ತು ದಿನ ಮೊದಲೇ ಅದರ ಎಲೆ ಸವರಿರುತ್ತಾರೆ. ಆಗ ತುದಿಯ ಕಣ್ಣು ಉಬ್ಬಿ ಚಿಗುರಲು ಸಿದ್ಧವಾಗುತ್ತದೆ. ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಬೆಣೆಯಾಗಿ ಹೆರೆದ ಕಡ್ಡಿಯನ್ನು ಸೀಳಿನಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಎಳೆಯ ಕಾಂಡದ ಮೇಲೆ ಕಟ್ಟುವ ಇದು ಮೃದುಕಾಂಡ ಕಸಿ. ಓಟೆ ಮೊಳೆತು ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವಾಗಲೇ ಕಟ್ಟಿದರೆ ಓಟೆ ಕಸಿ. ಗುಲಾಬಿಯಲ್ಲಿ ಮಾಡುವಂತೆ ಒಂದೇ ಕಣ್ಣನ್ನು ತೊಗಟೆ ಸಮೇತ ಎಬ್ಬಿಸಿ ಕೂರಿಸಿದರೆ ಕಣ್ಣು ಕಸಿ.

ಕೂಡಿಕೊಳ್ಳುವ ಕೆಲಸ ನಡೆಯುವುದು ಕ್ಯಾಂಬಿಯಂ ಎಂಬ ಪದರದಲ್ಲಿ. ಹಸಿ ಕೊಂಬೆಯ ತೊಗಟೆ ಸುಲಿದರೆ ಕಟ್ಟಿಗೆಯ ಮೇಲೆ ಬೆರಳು ಜಾರುತ್ತದಲ್ಲ, ಅದರ ಜಾಗ ಅಲ್ಲಿಯೇ. ಒಳಮುಖವಾಗಿ ಕಟ್ಟಿಗೆಯನ್ನೂ ಹೊರಮುಖವಾಗಿ ತೊಗಟೆಯ ಒಳಪದರವನ್ನೂ ಬೆಳೆಸುವುದು ಈ ಪದರ. ಎರಡೂ ಕಡೆಯ ಕ್ಯಾಂಬಿಯಂ ಒಂದಕ್ಕೊಂದು ತಾಕಿದರೆ ಮಾತ್ರ ನಡುವೆ ಹೊಸ ಕೋಶಗಳು ತುಂಬಿ, ನೀರಿನ ನಾಳಗಳು ಬೆಸೆಯುತ್ತವೆ. ಸಸಿ ದಪ್ಪವಾಗಿ ಕಡ್ಡಿ ಸಣ್ಣದಾದರೆ, ಅನುಭವಿಗಳು ಕಡ್ಡಿಯನ್ನು ನಡುವೆ ಇಡದೆ ಒಂದು ಅಂಚಿಗೆ ಸರಿಸಿ ತೊಗಟೆಗೆ ತೊಗಟೆ ಹೊಂದಿಸುವುದು ಇದೇ ಕಾರಣಕ್ಕೆ. ಅಡಿಕೆ, ತೆಂಗು, ಬಾಳೆಗೆ ಈ ಪದರವೇ ಇಲ್ಲ. ಹಾಗಾಗಿ ಅವಕ್ಕೆ ಕಸಿಯೂ ಇಲ್ಲ.

ನಾಳ ಬೆಸೆದರೂ ಗುಣ ಬೆರೆಯುವುದಿಲ್ಲ. ಗಂಟಿನ ಮೇಲೆ ಹುಟ್ಟಿದ್ದೆಲ್ಲ ಅಪ್ಪೆ, ಕೆಳಗೆ ಹುಟ್ಟಿದ್ದೆಲ್ಲ ಕಾಟುಮಾವು. ಕೆಳಗಿನ ಚಿಗುರು ಬೇರಿಗೆ ಹತ್ತಿರವಿದ್ದು ಭರದಿಂದ ಏರುತ್ತದೆ. ಬಿಟ್ಟರೆ ಮೇಲಿನದನ್ನು ಸೊರಗಿಸಿ ತಾನೇ ಮರವಾಗುತ್ತದೆ.

ಇಷ್ಟು ಕಾಳಜಿ ಏಕೆಂದರೆ, ಅಪ್ಪೆಯ ಓಟೆ ಬಿತ್ತಿದರೆ ಅದೇ ಪರಿಮಳದ ಮಿಡಿ ಸಿಗುವ ಭರವಸೆಯಿಲ್ಲ. ಬೇರೆ ಮರದ ಪರಾಗ ಬೆರೆತಿರುತ್ತದೆ. ಮಲೆನಾಡಿನ ಅಪ್ಪೆಮಿಡಿಗೆ 2009ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆದರೆ ಹೊಳೆಯಂಚಿನ ಒಂದು ಒಳ್ಳೆಯ ಮರ ಉರುಳಿದರೆ ಆ ರುಚಿಯೂ ಅದರೊಂದಿಗೆ ಹೋದಂತೆಯೇ. ಅದನ್ನು ಉಳಿಸುವ ದಾರಿ ಕಸಿ. ಕಡ್ಡಿ ಬಲಿತ ಮರದ್ದಾದ್ದರಿಂದ ಹೂವೂ ಬೇಗ ಬರುತ್ತದೆ. ಮೊದಲ ಎರಡು ಮೂರು ವರ್ಷ ಆ ಹೂಗೊಂಚಲು ಚಿವುಟಿ, ಗಿಡ ಬಲಿಯಲಿ.

ಇನ್ನು ಗೂಟಿ. ಮಳೆಗಾಲದಲ್ಲಿ ಪೇರಳೆಯ ಕೊಂಬೆಯೊಂದರಲ್ಲಿ ಸುಮಾರು ಒಂದು ಅಂಗುಲ ಅಗಲಕ್ಕೆ ಸುತ್ತಲೂ ತೊಗಟೆ ತೆಗೆದು, ಒದ್ದೆ ಪಾಚಿ ಇಟ್ಟು, ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಕಟ್ಟುತ್ತಾರೆ. ಎಲೆಯಿಂದ ಇಳಿಯುವ ಆಹಾರ ಅಲ್ಲೇ ತಡೆದು, ಗಾಯದ ಮೇಲಂಚಿನಿಂದ ಬೇರೊಡೆಯುತ್ತದೆ. ಬೇರು ತುಂಬಿದ ಮೇಲೆ ಕೊಂಬೆ ಕತ್ತರಿಸಿ ನೆಡುತ್ತಾರೆ. ಇಲ್ಲಿ ಬೇರೂ ಆ ಕೊಂಬೆಯದೇ, ಯಾವ ಚಿಗುರೂ ಪರಕೀಯವಲ್ಲ. ಆದರೆ ಗೂಟಿ ಗಿಡಕ್ಕೆ ತಾಯಿಬೇರು ಇರುವುದಿಲ್ಲ. ಗಾಳಿಗೆ ವಾಲದಂತೆ ಮೊದಮೊದಲು ಊರುಗೋಲು ಕೊಡಿ.

ಕಡ್ಡಿ ಎಲ್ಲಿಂದ ಬಂತು ಎಂಬುದೂ ಮುಖ್ಯ. ಮುರುಗಲು, ಜಾಯಿಕಾಯಿಗಳಲ್ಲಿ ಅಡ್ಡಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಅಡ್ಡಡ್ಡಲೇ ಹರಡುತ್ತದೆ, ನೇರ ಚಿಗುರಿನದಾದರೆ ಮೇಲೇರುತ್ತದೆ. ಇವುಗಳಲ್ಲಿ ಗಂಡು, ಹೆಣ್ಣು ಮರಗಳು ಬೇರೆಬೇರೆ. ಹೆಣ್ಣು ಮರದ ಕಡ್ಡಿಯೆಂದು ಖಾತ್ರಿ ಮಾಡಿಕೊಂಡೇ ಕೊಳ್ಳಿ. ಬುಡ ಕೊಳೆಯುವ ರೋಗ ತಡೆಯಲು ಕೊಲುಬ್ರಿನಂ ಹಿಪ್ಪಲಿಯ ಮೇಲೆ ಕಟ್ಟಿದ ಕಾಳುಮೆಣಸಿಗಂತೂ ಗಂಟು ಮಣ್ಣಿಗೆ ತಾಕಲೇಬಾರದು. ತಾಕಿದರೆ ಮೆಣಸಿನ ಬಳ್ಳಿ ತಾನೇ ಬೇರಿಳಿಸಿ ರೋಗಕ್ಕೆ ದಾರಿ ಮಾಡಿಕೊಡುತ್ತದೆ.

ನಿಮ್ಮ ಅಪ್ಪೆಯ ಚಿಗುರು ಎಳೆಯದಾಗಿದ್ದರೆ ಕೈಯಲ್ಲೇ ಚಿವುಟಿ, ಬಲಿತಿದ್ದರೆ ಹರಿತ ಚಾಕುವಿನಿಂದ ಕಾಂಡಕ್ಕೆ ಸಮನಾಗಿ ಕೊಯ್ಯಿರಿ. ಮೋಟು ಬಿಟ್ಟರೆ ಮತ್ತೆ ಒಡೆಯುತ್ತದೆ. ಗಂಟಿನ ಪ್ಲಾಸ್ಟಿಕ್ ಪಟ್ಟಿ ಉಳಿದಿದ್ದರೆ ಬಿಚ್ಚಿ, ಅದು ಕಾಂಡವನ್ನು ಹಿಸುಕುತ್ತದೆ. ಎಂದಾದರೂ ಮೇಲಿನ ಅಪ್ಪೆ ಒಣಗಿ ಕೆಳಗಿನ ಚಿಗುರಷ್ಟೇ ಉಳಿದರೆ ಗಿಡವನ್ನು ಕಿತ್ತೆಸೆಯಬೇಡಿ. ಬೇರು ಗಟ್ಟಿಯಾಗಿರುತ್ತದೆ, ಆ ಚಿಗುರಿನ ಮೇಲೆಯೇ ಮಳೆಗಾಲದಲ್ಲಿ ಹೊಸ ಕಡ್ಡಿ ಕಟ್ಟಿಸಿ.