ನಿಮ್ಮ ರಾತ್ರಿಯೂಟದ ಬಗ್ಗೆ ಒಂದು ಮಾತು

ಬೆಂಗಳೂರಿನ ಪಿ.ಜಿ.ಗಳಲ್ಲಿ, ಬಾಡಿಗೆ ಫ್ಲ್ಯಾಟುಗಳಲ್ಲಿ ಇದ್ದುಕೊಂಡು ದುಡಿಯುತ್ತಿರುವ ಮಕ್ಕಳೇ, ಈ ಮಾತು ನಿಮಗಾಗಿ. ಕೆಲಸಕ್ಕೆ ಸೇರಿದ ಒಂದೆರಡು ವರ್ಷಕ್ಕೆ ಹಳೆಯ ಪ್ಯಾಂಟಿನ ಗುಂಡಿ ಕೂರುವುದಿಲ್ಲ. ಹಬ್ಬಕ್ಕೆ ಊರಿಗೆ ಬಂದಾಗ ಅತ್ತೆಯೋ ಚಿಕ್ಕಮ್ಮನೋ "ಏನೋ, ಹಿಂಗೆ ಊದ್ಕೊಂಡಿದೀಯ!" ಅಂತ ನಾಲ್ಕು ಜನರ ಎದುರಿಗೇ ಅಂದುಬಿಡುತ್ತಾರೆ. ಹಾಗೆ ಅನ್ನಬಾರದು. ಮೈ ತುಂಬಿದ್ದು ತಪ್ಪು ನಡತೆಯೇನೂ ಅಲ್ಲ. ನಾಚಿಕೆಪಡಿಸಿದರೆ ಯಾರೂ ಸಣ್ಣಗಾಗುವುದಿಲ್ಲ, ಎಲ್ಲರ ಜೊತೆ ಉಣ್ಣುವುದನ್ನು ಬಿಟ್ಟು ಕೋಣೆಯಲ್ಲಿ ಒಬ್ಬರೇ ತಿನ್ನಲು ಶುರುಮಾಡುತ್ತಾರೆ.

ಬಾಯಿ ಕಟ್ಟಲು ನಿಮ್ಮಿಂದ ಆಗುತ್ತಿಲ್ಲ ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಈಗಿನ ತಿಂಡಿಗಳೇ ಹೆಚ್ಚು ತಿನ್ನಿಸುವಂಥವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಒಂದು ಪರೀಕ್ಷೆ ಮಾಡಿ 2019ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. 20 ಜನರನ್ನು ಅಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಇನ್ನೆರಡು ವಾರ ಸಾದಾ ಅಡುಗೆ ಕೊಟ್ಟರು. ಎದುರಿಗಿಟ್ಟದ್ದರಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲ ಸರಿಸಮ. ಬೇಕಾದಷ್ಟು ತಿನ್ನಿ, ಸಾಕೆನಿಸಿದಾಗ ನಿಲ್ಲಿಸಿ ಎಂದಿದ್ದರು. ಸಿದ್ಧ ಆಹಾರ ಕೊಟ್ಟಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗನೆ ತಿಂದರು. ಎರಡೇ ವಾರದಲ್ಲಿ ತೂಕ ಸುಮಾರು 900 ಗ್ರಾಂ ಏರಿತು. ಸಾದಾ ಅಡುಗೆಗೆ ಬಂದಾಗ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಮನುಷ್ಯರು ಅವರೇ, ಹಟವೂ ಅಷ್ಟೇ, ಬದಲಾಗಿದ್ದು ತಟ್ಟೆಯಲ್ಲಿದ್ದದ್ದು.

ಈಗ ನಿಮ್ಮ ರಾತ್ರಿಯನ್ನು ನೋಡಿ. ಹತ್ತು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚುತ್ತೀರಿ, ಆ್ಯಪ್ ತೆರೆಯುತ್ತೀರಿ. ನಿಮಗೆ ಬೇಕಾದದ್ದು ಅರ್ಧ ಬಿರಿಯಾನಿ. ಇನ್ನಷ್ಟು ರೂಪಾಯಿಯದು ತೆಗೆದುಕೊಂಡರೆ ಡೆಲಿವರಿ ಫ್ರೀ ಎಂದು ಕಬಾಬೋ ಜಾಮೂನೋ ಸೇರಿಸುತ್ತೀರಿ. ಡಬ್ಬಿ ಮಂಚದ ಮೇಲೆ, ಕಣ್ಣು ಮೊಬೈಲಿನ ಮೇಲೆ. ಚಮಚ ತಳಕ್ಕೆ ತಾಗಿದಾಗಲೇ ಊಟ ಮುಗಿಯಿತೆಂದು ತಿಳಿಯುವುದು. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಬೇಕು, ನಿಮ್ಮ ಡಬ್ಬಿ ಅಷ್ಟರೊಳಗೆ ಖಾಲಿ. ಆಮೇಲೆ ಒಂದು ಗಂಟೆಯವರೆಗೆ ರೀಲ್ಸ್. ನಿದ್ದೆಗೆಟ್ಟ ಮೈಗೆ ಮರುದಿನ ಹಸಿವು ಇನ್ನೂ ಜಾಸ್ತಿ, ಅದೂ ಸಿಹಿಯದ್ದು, ಕರಿದದ್ದು ಬೇಕೆನ್ನುವ ಹಸಿವು.

ನನ್ನದೊಂದು ವಿನಂತಿ. ತರಿಸಿಕೊಂಡು ತಿನ್ನಿ, ಪರವಾಗಿಲ್ಲ, ಆದರೆ ಡಬ್ಬಿಯಿಂದ ತಿನ್ನಬೇಡಿ. ತಟ್ಟೆ ಇಟ್ಟುಕೊಂಡು ಬೇಕಾದಷ್ಟು ಬಡಿಸಿಕೊಂಡು, ಉಳಿದದ್ದನ್ನು ಮೊದಲೇ ಫ್ರಿಜ್ಜಿಗೆ ಇಟ್ಟುಬಿಡಿ. ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ. ಎಂಟು ಗಂಟೆಗೆ ಕೆಲಸದ ನಡುವೆಯೇ ಎದ್ದು ಉಂಡುಬನ್ನಿ, ಮೀಟಿಂಗ್ ಇದ್ದರೆ ಊಟದ ಹೊತ್ತು ಎಂದು ಹೇಳಿ, ಅದರಲ್ಲಿ ಸಂಕೋಚವೇನು? ವಾರದಲ್ಲಿ ನಾಲ್ಕು ದಿನವಾದರೂ ಸ್ಟೌ ಹಚ್ಚಿ. ಒಂದು ಲೋಟ ಹೆಸರುಬೇಳೆ, ಅರ್ಧ ಲೋಟ ಅಕ್ಕಿ, ಬಿಡಿಸಿ ತೊಳೆದ ಒಂದು ಕಟ್ಟು ಸೊಪ್ಪು, ಅರಿಶಿನ, ಉಪ್ಪು ಹಾಕಿ ಕುಕ್ಕರ್ ಮೂರು ಸಲ ಕೂಗಿಸಿ, ಜೀರಿಗೆ ಮೆಣಸಿನ ಒಗ್ಗರಣೆ ಕೊಟ್ಟರೆ ಇಬ್ಬರಿಗೆ ಧಾರಾಳ. ನೀವು ಆರ್ಡರ್ ಮಾಡಿ ಕಾಯುವ ಹೊತ್ತಿನಲ್ಲೇ ಆಗುವ ಅಡುಗೆ ಇದು.

ಕುಡಿಯುವ ಸಕ್ಕರೆಯ ಬಗ್ಗೆಯೂ ಹೇಳಲೇಬೇಕು. 300 ಮಿಲಿಲೀಟರ್ ಕೋಲಾದಲ್ಲಿ 30 ಗ್ರಾಮಿಗೂ ಹೆಚ್ಚು ಸಕ್ಕರೆ ಇರುತ್ತದೆ, ಅಂದರೆ ಏಳೆಂಟು ಚಮಚ. ಕಾಫಿಗೆ ಯಾರಾದರೂ ಅಷ್ಟು ಸುರಿದರೆ ನೀವು ಲೋಟ ಮುಟ್ಟುವುದಿಲ್ಲ. ದಿನದ ಲೆಕ್ಕಕ್ಕೆ 25 ಗ್ರಾಂ ಮೀರದಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗಂತ ಊರಿನ ಊಟವೆಲ್ಲ ಔಷಧ ಎಂದು ನಾನು ಹೇಳುವುದಿಲ್ಲ. ಬೆಳಗಿನಿಂದ ಹೊಲದಲ್ಲಿ ಬಗ್ಗಿ ಎದ್ದವರು ಎರಡು ದೊಡ್ಡ ಮುದ್ದೆ ಉಂಡು ಅರಗಿಸಿಕೊಳ್ಳುತ್ತಿದ್ದರು. ಕುರ್ಚಿಯಲ್ಲಿ ಕುಳಿತವರಿಗೆ ಒಂದು ಸಣ್ಣ ಮುದ್ದೆ ಸಾಕು, ಸಾರಿನಲ್ಲಿ ಕಾಳೂ ಸೊಪ್ಪೂ ಹೆಚ್ಚಿರಲಿ. ನಮ್ಮ ಮನೆಗಳ ತಟ್ಟೆಯಲ್ಲಿ ಅನ್ನವೇ ಗುಡ್ಡೆ, ಪಲ್ಯ ಮೂಲೆಯಲ್ಲಿ ಚಿಟಿಕೆಯಷ್ಟು. ಇದನ್ನು ತಿರುಗುಮುರುಗು ಮಾಡಬೇಕು.

ಕೂರುವ ವಿಚಾರ ಹೊಸದೇನಲ್ಲ. 1953ರಲ್ಲೇ ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿ ನೋಡಿದ್ದರು. ಕುಳಿತೇ ಇರುವ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಕಂಡಿತು. ಕುಳಿತಾಗ ಕಾಲಿನ ದೊಡ್ಡ ಸ್ನಾಯುಗಳು ಸುಮ್ಮನಿರುತ್ತವೆ, ರಕ್ತದ ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುವುದು ಅವೇ. ಆದ್ದರಿಂದ ಊಟವಾದ ಮೇಲೆ ಹತ್ತು ನಿಮಿಷ ಬೀದಿಯಲ್ಲಿ ಅಡ್ಡಾಡಿ. ಫೋನಿನಲ್ಲಿ ಮಾತಾಡುವಾಗ ಎದ್ದು ನಿಲ್ಲಿ. ಜಿಮ್ಮಿಗೆ ವರ್ಷದ ಹಣ ಕಟ್ಟಿ ಹೋಗದೇ ಇರುವುದಕ್ಕಿಂತ ಇದು ಮೇಲು.

"ನಾನು ತೆಳ್ಳಗಿದ್ದೇನೆ, ನನಗೇನು?" ಅನ್ನುವವರೂ ಕೇಳಿ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ ಹಾಕಿದ್ದರು. ಇಬ್ಬರ ಬಿ.ಎಂ.ಐ.ಯೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ರಲ್ಲಿ ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ನಮ್ಮ ಜನರಲ್ಲಿ ಕೊಬ್ಬು ಹೊಟ್ಟೆಯ ಒಳಗೆ, ಯಕೃತ್ತಿನ ಸುತ್ತಮುತ್ತ ಸೇರಿಕೊಳ್ಳುವುದು ಹೆಚ್ಚು, ಸಕ್ಕರೆ ಕಾಯಿಲೆಯೂ ಬೇಗ. ಅದಕ್ಕೇ ತಕ್ಕಡಿಗಿಂತ ಟೇಪನ್ನು ನಂಬಿ. ದರ್ಜಿಯ ಟೇಪನ್ನು ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ಉದಾಸೀನ ಮಾಡಬೇಡಿ.

ದಾಟಿದ್ದರೆ ಇನ್‌ಸ್ಟಾಗ್ರಾಮಿನ ಪುಡಿ, ಜ್ಯೂಸು, ಹದಿನೈದು ದಿನದ ಉಪವಾಸ ಯಾವುದೂ ಬೇಡ. ತೂಕ ಇಳಿಸುವ ಇಂಜೆಕ್ಷನ್ ಈಗ ಬಂದಿದೆ, ಅದು ಬೇಕೋ ಬೇಡವೋ ಎಂಬುದನ್ನು ವೈದ್ಯರೇ ಹೇಳಲಿ. ರಜೆ ಇರುವ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್, ಬಿ.ಪಿ. ನೋಡಿಸಿ. ಮನೆಯಲ್ಲಿ ಯಾರಿಗೆ ಶುಗರ್ ಇದೆ ಎಂದು ಅಮ್ಮನನ್ನು ಮೊದಲೇ ಕೇಳಿಕೊಂಡು ಹೋಗಿ, ವೈದ್ಯರು ಅದನ್ನು ಕೇಳಿಯೇ ಕೇಳುತ್ತಾರೆ.