ವಾಪಸ್ ಬೇಕೆಂದರೆ ಎಷ್ಟು ಕೊಡಬೇಕು?

ನಮ್ಮ ಮನೆಯ ಹೊಲಿಗೆ ಮೆಷಿನ್ನಿಗೆ ನಾನು ಕೊಟ್ಟಿದ್ದು 1,800 ರೂಪಾಯಿ. ಕಾಲಲ್ಲಿ ತುಳಿಯುವಂಥದ್ದು, ಕಬ್ಬಿಣದ ಸ್ಟ್ಯಾಂಡು, ಕಪ್ಪು ಮೈ. ಮನೆ ಖಾಲಿ ಮಾಡುತ್ತಿದ್ದ ಪರಿಚಯದವರು ಗುಜರಿಗೆ ಹಾಕುವ ಮೊದಲು ಒಂದು ಮಾತು ಕೇಳಿದ್ದರು, ನಾನು ತಂದುಕೊಂಡೆ. ಎಣ್ಣೆ ಬಿಟ್ಟು, ಬೆಲ್ಟ್ ಬದಲಿಸಿ, ಸರ್ವೀಸ್ ಮಾಡಿಸಿದ ಮೇಲೆ ನೋಡಿದವರೊಬ್ಬರು 5,000ಕ್ಕೆ ಕೇಳಿದರು. ಹಳೇ ಸಾಮಾನು ಕೊಂಡು ಮಾರುವ ಚಟ ಇರುವ ಯಾರಿಗಾದರೂ ಕೈ ತುರಿಸುವ ರೇಟು. ನಾನು ಕೊಡಲಿಲ್ಲ. ಏನೋ ಸೆಂಟಿಮೆಂಟ್ ಇರಬೇಕು ಅಂದುಕೊಂಡು ಅವರು ಹೊರಟರು. ಸೆಂಟಿಮೆಂಟಿಗೆ ನಮ್ಮ ಮನೆಯಲ್ಲಿ ಜಾಗ ಕಡಿಮೆ; ನಾನು ಮನಸ್ಸಿನಲ್ಲೇ ಕೂಡಿ ಕಳೆದಿದ್ದೆ.

1,800ರ ಮೇಲೆ ಟೆಂಪೋ ಬಾಡಿಗೆ 500. ಸರ್ವೀಸು, ಬೆಲ್ಟು, ಬಾಬಿನ್ನು, ಸೂಜಿ ಎಲ್ಲಾ ಸೇರಿ 700. ಅಲ್ಲಿಗೆ 3,000 ಆಯಿತು. ಮಾರಿದ್ದರೆ ಉಳಿಯುತ್ತಿದ್ದುದು 2,000. ಈಗ ಇನ್ನೊಂದು ಕಡೆ ನೋಡಿ. ನಮ್ಮ ಬೀದಿಯ ಟೈಲರ್ ಪ್ಯಾಂಟಿನ ಉದ್ದ ಕಡಿಮೆ ಮಾಡಲು 100 ರೂಪಾಯಿ ತೆಗೆದುಕೊಳ್ಳುತ್ತಾರೆ. ಮಕ್ಕಳ ಯೂನಿಫಾರ್ಮಿನ ಅಂಚು ಬಿಚ್ಚುವುದು, ದಿಂಬಿನ ಕವರು, ಪರದೆ, ಕಿತ್ತುಹೋದ ಬ್ಯಾಗಿನ ಹಿಡಿ, ಹಳೇ ಸೀರೆಯ ಕೌದಿ. ತಿಂಗಳಿಗೆ 200 ಉಳಿಯಿತು ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ ವರ್ಷಕ್ಕೆ 2,400. (ಪಿಕೋ ಮಾತ್ರ ಇದರಲ್ಲಿ ಆಗದು, ಇದು ನೇರ ಹೊಲಿಗೆಯ ಮೆಷಿನ್ನು. ಅದಕ್ಕೆ ಸೀರೆ ಹಿಡಿದುಕೊಂಡು ಅಂಗಡಿಗೇ ಹೋಗಬೇಕು.) ಮಾರಿದ ಲಾಭವನ್ನು ಮೆಷಿನ್ನು ಮೊದಲ ವರ್ಷವೇ ದುಡಿದುಕೊಟ್ಟಿತು. ಎರಡನೇ ವರ್ಷವೂ ಅದು ನಮ್ಮಲ್ಲೇ ಇತ್ತು.

ಅಗ್ಗಕ್ಕೆ ಸಿಕ್ಕಿದ ವಸ್ತುವಿಗೆ ಯಾರೋ ಹೆಚ್ಚು ಬೆಲೆ ಹೇಳಿದ ತಕ್ಷಣ ನಮ್ಮ ಕಣ್ಣು ಅವರು ಹೇಳಿದ ಬೆಲೆಯ ಮೇಲೇ ನೆಡುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಅದನ್ನು ನಾನು ಕಲಿತಿದ್ದು ಬೆಂಗಳೂರಿನ ಸಂಡೇ ಬಜಾರಿನಲ್ಲಿ. ಚಿಕ್ಕಪೇಟೆಯ ಪಕ್ಕದ ಬಿವಿಕೆ ಅಯ್ಯಂಗಾರ್ ರಸ್ತೆ ವಾರವೆಲ್ಲ ಎಲೆಕ್ಟ್ರಿಕಲ್ ಅಂಗಡಿಗಳದ್ದು. ಭಾನುವಾರ ಬೆಳಿಗ್ಗೆ ಅದೇ ಫುಟ್‌ಪಾತಿನ ಮೇಲೆ ಟಾರ್ಪಾಲು ಹಾಸಿ ಕೈಗಡಿಯಾರ, ಸ್ಪ್ಯಾನರು, ಬೀಗ, ಕ್ಯಾಮೆರಾ, ಹಿತ್ತಾಳೆ ಚೊಂಬು ಹರಡುತ್ತಾರೆ. ಅಲ್ಲಿ ನಾನು ಮಾಮೂಲಾಗಿ ಹೋಗುವ ವ್ಯಾಪಾರಿಯೊಬ್ಬರಿದ್ದಾರೆ. ಒಂದು ಹಿತ್ತಾಳೆ ಪಾತ್ರೆಗೆ 900 ಎಂದು ಕುದುರಿತ್ತು. ದುಡ್ಡು ಕೊಡುವ ಮೊದಲು ಸುಮ್ಮನೆ ಕೇಳಿದೆ: “ಭಾಯ್, ಮುಂದಿನ ವಾರ ಇದನ್ನ ವಾಪಸ್ ತಂದ್ರೆ ಎಷ್ಟಕ್ಕೆ ತಗೋತೀರ?”

“ಆರ್ನೂರು ಕೊಡ್ತೀನಿ ಮೇಡಂ.”

“ಅದರ ಮುಂದಿನ ವಾರ ನಂಗೇ ಮತ್ತೆ ಬೇಕು ಅಂದ್ರೆ?”

ನಕ್ಕರು. “ಸಾವಿರದ ಇನ್ನೂರು. ಅದೂ ಇದ್ರೆ.”

ಈ ಎರಡು ಉತ್ತರಗಳ ನಡುವಿನ ಅಂತರ ಎಷ್ಟು ದೊಡ್ಡದೋ ಅಷ್ಟೂ ಆ ವಸ್ತುವನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು. ಬಂಗಾರದ ಅಂಗಡಿಯ ಮೆಟ್ಟಿಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಳೆ ಕೊಡುವಾಗ ಕಳೆಯುವ ವೇಸ್ಟೇಜು, ಹೊಸ ಬಳೆ ಕೊಳ್ಳುವಾಗ ಸೇರಿಸುವ ಮಜೂರಿ, ಎರಡೂ ನಮ್ಮ ಕೈಯಿಂದಲೇ ಹೋಗುತ್ತವೆ. ಆದರೆ ಬಂಗಾರ ದುಡ್ಡು ಕೊಟ್ಟರೆ ಯಾವತ್ತೂ ಸಿಗುತ್ತದೆ. ಹಳೇ ಸಾಮಾನಿನಲ್ಲಿ “ಅದೂ ಇದ್ರೆ” ಎಂಬ ಮಾತು ಬೇರೆ ಅಂಟಿಕೊಂಡಿರುತ್ತದೆ.

ಈ ಅಂತರ ಅತಿ ಹೆಚ್ಚು ಕಾಣುವುದು ಅಡುಗೆಮನೆಯಲ್ಲಿ. ಹಳೇ ಹಿತ್ತಾಳೆಯನ್ನು ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ, ಕರಗಿಸುವ ಲೋಹದ ರೇಟಿಗೆ. ಹೊಸ ಪಾತ್ರೆ ಕೊಳ್ಳಲು ಹೋದರೆ ಅದೂ ತೂಕಕ್ಕೇ, ಆದರೆ ಮಾಡಿದ ಕೂಲಿ, ಅಂಗಡಿಯ ಲಾಭ ಎಲ್ಲ ಸೇರಿದ ರೇಟು. ನಾನು ಕೇಳಿ ನೋಡಿದಲ್ಲೆಲ್ಲ ಹಳೆಯದಕ್ಕೆ ಹೊಸದರ ಅರ್ಧ ಬೆಲೆ ಬಂದರೆ ಹೆಚ್ಚು. ಸ್ಟೀಲ್ ಬಂದಾಗ ನಮ್ಮ ಅಜ್ಜಿಯರು ಹಿತ್ತಾಳೆ ಕೊಳದಪ್ಪಲೆ ಕೊಟ್ಟು ಸ್ಟೀಲ್ ಡಬ್ಬಿ ತಂದರು. ಈಗ ಅವರ ಮೊಮ್ಮಕ್ಕಳು ಅದೇ ಕೊಳದಪ್ಪಲೆಯನ್ನು ದುಬಾರಿ ಅಂಗಡಿಗಳಲ್ಲಿ ಹುಡುಕುತ್ತಿದ್ದಾರೆ. ಮಧ್ಯದಲ್ಲಿ ದುಡ್ಡು ಮಾಡಿಕೊಂಡವರು ಯಾರು ಎಂದು ನೀವೇ ಊಹಿಸಿ.

ಕೊಳ್ಳುವಾಗ ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಹೊರಗೆ ಮಾತ್ರ ಬಣ್ಣ. ನೀರು ತುಂಬಿಸಿ ಕೆಳಗೆ ಬೆರಳು ಆಡಿಸಿ. ಎಲ್ಲಾದರೂ ಬೂದು ಬಣ್ಣದ ಬೆಸುಗೆ ಕಂಡರೆ ಅಡುಗೆಗೆ ಬೇಡ, ಬೆಸುಗೆಯಲ್ಲಿ ಸೀಸ ಇರಬಹುದು. ಕೊತ್ತಂಬರಿ ಬೆಳೆಸಲೂ ನಾನು ಅಂಥದ್ದನ್ನು ತರುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಕಲಾಯಿ. ಹುಣಸೆಹಣ್ಣು, ಟೊಮೆಟೊ, ಮಜ್ಜಿಗೆ ಯಾವುದೇ ಹುಳಿ ಬರೀ ಹಿತ್ತಾಳೆಗೆ ತಾಗಿದರೆ ತಾಮ್ರ ಬಿಡುತ್ತದೆ. ಅದಕ್ಕೇ ಒಳಗೆ ತವರದ ಲೇಪ. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಹಾಕಿ, ಬಿಳಿ ಹೊಗೆ ಏಳುತ್ತಿರುವಾಗ ತವರ ಮುಟ್ಟಿಸಿ ಹತ್ತಿಯಲ್ಲಿ ಒಂದೇ ಸಮ ಉಜ್ಜಿದರೆ ಒಳಮೈ ಬೆಳ್ಳಿಯಾಗುತ್ತದೆ. ದಿನವೂ ಸಾರು ಮಾಡುವ ಪಾತ್ರೆಗೆ ವರ್ಷಕ್ಕೊಮ್ಮೆಯಾದರೂ ಇದು ಬೇಕು. ಅಗ್ಗಕ್ಕೆ ಮಾಡುವವರು ತವರಕ್ಕೆ ಸೀಸ ಬೆರೆಸುವುದುಂಟು, ಆದ್ದರಿಂದ ನಾಲ್ಕು ಕಾಸು ಹೆಚ್ಚಾದರೂ ಶುದ್ಧ ತವರ ಹಾಕುವವರನ್ನೇ ಹುಡುಕಬೇಕು. ನಿಮ್ಮ ಊರಿನಲ್ಲಿ ಕಲಾಯಿಯವರೇ ಇಲ್ಲದಿದ್ದರೆ ಅಡುಗೆ ಪಾತ್ರೆ ಇಟ್ಟುಕೊಳ್ಳುವ ಆಸೆ ಬಿಡಿ, ಒಳ್ಳೆಯ ಗಿರಾಕಿಗೆ ಮಾರಿ. ರಿಪೇರಿ ಮಾಡುವ ಕೈ ಇಲ್ಲದ ಕಡೆ ಯಾವ ಹಳೇ ವಸ್ತುವೂ ಆಸ್ತಿಯಲ್ಲ.

ಬೀಡಿನ ಕಾವಲಿಗೆ ಇಷ್ಟು ರಗಳೆಯಿಲ್ಲ. ತುಕ್ಕು ಹಿಡಿದ ಒಂದನ್ನು 150ಕ್ಕೆ ತಂದಿದ್ದೆ. ಬೆರಳಲ್ಲಿ ಬಡಿದಾಗ ಗಂಟೆಯಂತೆ ಕೇಳಿದರೆ ಸರಿ, ಸದ್ದು ಸತ್ತಂತಿದ್ದರೆ ಎಲ್ಲೋ ಬಿರುಕಿದೆ. ತುಕ್ಕು ಉಜ್ಜಿ ತೆಗೆದು, ಎಣ್ಣೆ ಸವರಿ ಕಾಯಿಸಿ, ಈರುಳ್ಳಿ ಹುರಿದು ಪಳಗಿಸಿದರೆ ಮುಗಿಯಿತು. ಮೊದಲ ದೋಸೆಗಳು ಏಳುವುದಿಲ್ಲ, ಅವು ಮಾಡಿದವರ ಪಾಲಿಗೆ. ಪಳಗಿಸಿದ ಕಾವಲಿ ಎಂದು ಜಾಹೀರಾತು ಹಾಕಿದರೆ 600, 700ಕ್ಕೆ ಹೋಗುತ್ತದೆ. ಆದರೆ ಎರಡು ಮೂರು ವರ್ಷಕ್ಕೊಮ್ಮೆ ಲೇಪ ಎದ್ದ ನಾನ್‌ಸ್ಟಿಕ್ ತವಾ ಬಿಸಾಡಿ ಹೊಸದು ತರುವ ಖರ್ಚನ್ನು ಪಕ್ಕಕ್ಕೆ ಇಟ್ಟು ನೋಡಿದರೆ ಆ 600 ಚಿಕ್ಕ ಮೊತ್ತ.

ಮರದ ಸಾಮಾನಿಗೆ ಬಂದರೆ ನನ್ನ ಉತ್ಸಾಹ ಸ್ವಲ್ಪ ತಣ್ಣಗಾಗುತ್ತದೆ. ತೇಗದ ಕುರ್ಚಿ, ಬೀಟೆಯ ಪೆಟ್ಟಿಗೆ ಗುಜರಿಯಲ್ಲಿ ಸಿಕ್ಕರೆ ಬಿಡಬೇಡಿ, ನಿಜ. ಡ್ರಾಯರ್ ಹೊರಗೆಳೆದು ಅಡಿಭಾಗ ನೋಡಿದರೆ ಗಟ್ಟಿ ಮರವೋ ಪ್ಲೈವುಡ್ ಮೇಲೆ ಅಂಟಿಸಿದ ಪದರವೋ ತಿಳಿಯುತ್ತದೆ, ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹಿಡಿದಿದೆ ಎಂದರ್ಥ. ಆದರೆ ಜಾಗಕ್ಕೂ ಬಾಡಿಗೆ ಇದೆ. ಸಾವಿರ ಚದರಡಿಯ ಮನೆಗೆ ತಿಂಗಳಿಗೆ 25,000 ಬಾಡಿಗೆ ಕೊಡುವವರಿಗೆ ಒಂದು ಚದರಡಿಗೆ 25 ರೂಪಾಯಿ ಬಿತ್ತು. ಆರು ಚದರಡಿ ಹಿಡಿದು ಕೂತ ಬೀರು ವರ್ಷಕ್ಕೆ 1,800 ರೂಪಾಯಿ ತಿನ್ನುತ್ತದೆ. ಅದರೊಳಗೆ ಬಟ್ಟೆ ತುಂಬಿದ್ದರೆ ಸರಿ, ಹಳೇ ಪೇಪರ್ ಇದ್ದರೆ ಮಾರುವುದೇ ವಾಸಿ. ಬಳಸದೆ ಮೂಲೆಗೆ ಒರಗಿಸಿದ ಸಾಮಾನಿಗೆ ನನ್ನ ಎರಡು ಪ್ರಶ್ನೆಗಳ ಲೆಕ್ಕ ಅನ್ವಯಿಸುವುದೇ ಇಲ್ಲ.

ಕೈಗಡಿಯಾರದ ವಿಷಯದಲ್ಲಿ ಮಾತ್ರ ಎರಡೂ ಕಡೆಯಿಂದ ಎಳೆತ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಎಚ್‌ಎಂಟಿ ಗಡಿಯಾರ ತಯಾರಿಕೆ ಶುರುವಾಯಿತು, ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದ್ದು ನೆಹರೂ. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಪಿಯುಸಿ ಪಾಸಾದವರಿಗೆ, ಮದುವೆ ಗಂಡಿಗೆ, ರಿಟೈರ್ ಆದವರಿಗೆ ಎಲ್ಲರಿಗೂ ಎಚ್‌ಎಂಟಿಯೇ ಉಡುಗೊರೆ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು, ಅದರ ಸುತ್ತಮುತ್ತಲ ವರ್ಷಗಳಲ್ಲಿ ಕೀಲಿ ಕೊಡುವ ಜನತಾ, ಪೈಲಟ್ ಗಡಿಯಾರಗಳಿಗೆ ಸಂಗ್ರಾಹಕರು ಮುಗಿಬಿದ್ದರು. ಅದರ ಹಿಂದೆಯೇ ನಕಲಿ ಬಂತು: ಕೆಟ್ಟ ಗಡಿಯಾರಗಳ ಬಿಡಿಭಾಗ ಜೋಡಿಸಿ, ಡಯಲ್‌ಗೆ ಹೊಸ ಬಣ್ಣ ಬಳಿದು “ಹಳೇ ಸ್ಟಾಕು” ಎಂದು ಮಾರುವುದು. ಕಣ್ಣು ಕುಕ್ಕುವ ಗಾಢ ಗುಲಾಬಿ, ಹಸಿರು ಡಯಲ್ಲು, ದಪ್ಪಗೆ ಉಬ್ಬಿದ ಅಕ್ಷರ, ಓರೆಯಾಗಿ ಕೂತ ಗೆರೆ ಕಂಡರೆ ಮುಂದಕ್ಕೆ ನಡೆಯಿರಿ.

400ಕ್ಕೆ ಕೊಂಡು 500 ಕೊಟ್ಟು ಸರ್ವೀಸ್ ಮಾಡಿಸಿದ ಜನತಾ ನನ್ನ ಕೈಯಲ್ಲಿದೆ, ಡಯಲ್ಲು ಮಾಸಿದೆ, ಆದರೆ ಅಸಲಿ. ಸಿಕ್ಕಿದ್ದ ಉಳಿದವನ್ನು ಮಾರಿದ್ದೇನೆ. ಬೇಸರವಿಲ್ಲ. ಗಡಿಯಾರವನ್ನು ಹೂಡಿಕೆ ಎಂದು ಹತ್ತಾರು ಕೂಡಿಡುವವರನ್ನು ಕಂಡರೆ ನನಗೆ ದಿಗಿಲು. ಪ್ರತಿಯೊಂದಕ್ಕೂ ಕೆಲವು ವರ್ಷಕ್ಕೊಮ್ಮೆ ಎಣ್ಣೆ ಬೀಳಬೇಕು, ಬಿಡಿಭಾಗಕ್ಕೆ ಇನ್ನೊಂದು ಸತ್ತ ಗಡಿಯಾರವೇ ಗತಿ, ಮುಳ್ಳು ಕೀಳಲು ಬರುವ ಮೇಷ್ಟ್ರುಗಳು ಪೇಟೆಯಲ್ಲಿ ಕಡಿಮೆಯಾಗುತ್ತಿದ್ದಾರೆ. ಒಂದನ್ನು ಕಟ್ಟಿಕೊಳ್ಳಿ, ಮಿಕ್ಕಿದ್ದು ಆಸೆಪಡುವವರಿಗೆ ಹೋಗಲಿ.

ಪುಸ್ತಕದಲ್ಲಿ ನನಗೆ ಈ ಸಂಯಮ ಇಲ್ಲ. ಅವೆನ್ಯೂ ರಸ್ತೆಯಲ್ಲಿ ಹಳೇ ಎಂಜಿನಿಯರಿಂಗ್ ಪುಸ್ತಕ ಸಿಕ್ಕರೆ ಓದಿ ಮಾರಿ, ಮುಂದಿನ ವರ್ಷ ಹೊಸ ಆವೃತ್ತಿ ಬಂದೇ ಬರುತ್ತದೆ. ಕನ್ನಡ ಪುಸ್ತಕದ ಕಥೆ ತಿರುಗಾಮುರುಗಾ. ಬಹಳಷ್ಟು ಪುಸ್ತಕಗಳು ಸಾವಿರ ಪ್ರತಿಯ ಮುದ್ರಣ ಕಂಡು ಮುಗಿದುಹೋಗುತ್ತವೆ, ಮರುಮುದ್ರಣ ಆದರೂ ಯಾವಾಗ ಎಂದು ಹೇಳುವವರಿಲ್ಲ. ಮಾರುವ ಬೆಲೆ 50 ರೂಪಾಯಿ, ಮತ್ತೆ ಬೇಕೆಂದರೆ ಎಷ್ಟು ಕೊಟ್ಟರೂ ಇಲ್ಲ. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದಂಥ ನಾಲ್ಕು ಸಂಪುಟದ ಕೃತಿಯೋ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟೋ ಬಿಡಿ ಬಿಡಿಯಾಗಿ ಕಂಡರೂ ಎತ್ತಿಕೊಳ್ಳುತ್ತೇನೆ. ಬಿಡಿ ಸಂಪುಟಕ್ಕೆ ಕೊಳ್ಳುವವರು ಕಾಸು ಕೊಡುವುದಿಲ್ಲ, ಪೂರ್ತಿ ಸೆಟ್ಟಿಗೆ ಬೇರೆಯೇ ಬೆಲೆ. ನಮ್ಮ ಮನೆಯ ಸೆಟ್ಟು ಇನ್ನೂ ಪೂರ್ತಿಯಾಗಿಲ್ಲ ಎಂಬುದು ಬೇರೆ ಮಾತು.

ಇಟ್ಟುಕೊಳ್ಳಲೇಬಾರದ್ದು ಯಾವುದೆಂದರೆ ಕರೆಂಟು ತಿನ್ನುವ ಹಳೇ ಸಾಮಾನು. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ವರ್ಷಕ್ಕೆ ಹತ್ತಿರ ಹತ್ತಿರ 200 ಯೂನಿಟ್ ವ್ಯತ್ಯಾಸ, ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 1,200. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಮಿತಿಯೊಳಗೆ ಇರುವವರಿಗೆ ಇದು ಬಿಲ್ಲಿನಲ್ಲಿ ಕಾಣಿಸದೇ ಇರಬಹುದು. ಮಿತಿ ದಾಟುವ ಮನೆಗಳಿಗೆ ಮಾತ್ರ ತಕ್ಷಣ ಕಾಣುತ್ತದೆ. ಹಳೇ ಫ್ರಿಜ್ಜಿನ ಕಥೆಯೂ ಇದೇ. ಮೊಬೈಲು ಸಿಕ್ಕರೆ ಕೊಳ್ಳುವ ಮೊದಲೇ ಅದರ ಐಎಂಇಐ ಸಂಖ್ಯೆಯನ್ನು ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಪರೀಕ್ಷಿಸಿ, ಕದ್ದ ಮಾಲಾದರೆ ತಲೆನೋವು ನಿಮ್ಮದು. ಕೊಂಡ ಮೇಲೆ ಬೇಡವೆನಿಸಿದರೆ ಇವತ್ತೇ ಮಾರಿ, ನಾಳೆ ಬೆಲೆ ಇಳಿದಿರುತ್ತದೆ.

ಮಾರಿದ ದುಡ್ಡಿಗೆ ತೆರಿಗೆ ಕಟ್ಟಬೇಕೇ ಎಂದು ಆಗಾಗ ಯಾರಾದರೂ ಕೇಳುತ್ತಾರೆ. ಸ್ವಂತ ಬಳಕೆಯ ಪೀಠೋಪಕರಣ, ಪಾತ್ರೆ, ಗಡಿಯಾರ ಮಾರಿ ನಾಲ್ಕು ಕಾಸು ಲಾಭ ಬಂದರೆ ಆದಾಯ ತೆರಿಗೆ ಕಾನೂನು ಅದನ್ನು ಬಂಡವಾಳ ಲಾಭ ಎಂದು ಹಿಡಿಯುವುದಿಲ್ಲ. ಒಡವೆ, ಚಿತ್ರಕಲೆ, ಶಿಲ್ಪಗಳಿಗೆ ಈ ರಿಯಾಯಿತಿ ಇಲ್ಲ. ವಾರವಾರ ಕೊಂಡು ಮಾರುವವರದ್ದು ವ್ಯಾಪಾರವಾಯಿತು, ಅದರ ಲೆಕ್ಕ ಬೇರೆ. ನೂರು ವರ್ಷ ದಾಟಿದ ಹಿತ್ತಾಳೆ ವಿಗ್ರಹವೋ ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಯೋ ಕೈಗೆ ಬಂದರೆ 1972ರ ಪ್ರಾಚ್ಯವಸ್ತು ಕಾಯ್ದೆ ನೆನಪಿರಲಿ; ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ವಿದೇಶದಲ್ಲಿರುವ ಮಗನಿಗೆ ಪಾರ್ಸೆಲ್ ಕಳಿಸುವಂತೆಯೂ ಇಲ್ಲ.

ಇನ್ನು ಆನ್‌ಲೈನಿನಲ್ಲಿ ಜಾಹೀರಾತು ಹಾಕಿದಿರೋ, ಫೋಟೋ ಕೂಡ ಸರಿಯಾಗಿ ನೋಡದೆ ಹೇಳಿದ ಬೆಲೆಗೆ ಒಪ್ಪುವ ಗಿರಾಕಿ ಬಂದೇ ಬರುತ್ತಾನೆ. ತಾನು ಸೇನೆಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಅರ್ಜೆಂಟು ಅನ್ನುತ್ತಾನೆ. ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತೆ ಎನ್ನುತ್ತಾನೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡೇ. ಅಂಥವರಿಗೆ ನಾನು, “ಮನೆಗೆ ಬಂದು ನೋಡಿ ಸಾರ್, ಕ್ಯಾಶ್ ತನ್ನಿ, ಕಾಫಿ ಕುಡಿದು ಹೋಗಿ” ಅನ್ನುತ್ತೇನೆ. ಇದುವರೆಗೂ ಯಾರೂ ಕಾಫಿಗೆ ಬಂದಿಲ್ಲ.